ಅರವತ್ತು ದಾಟಿದ ಮೇಲೆ ವೀಣೆ: ನನ್ನ ಅನುಭವ

ವಯಸ್ಸಾದ ಮೇಲೆ ವೀಣೆ ಕಲಿಯಲು ಹೊರಟವರಿಗೆ ಒಂದು ವಿಚಾರ ಮೊದಲೇ ಗೊತ್ತಿದ್ದರೆ ಒಳ್ಳೆಯದು. ನಮ್ಮ ಕಿವಿ ಕೈಗಿಂತ ತುಂಬಾ ಮುಂದೆ ಇರುತ್ತದೆ. ಹತ್ತು ವರ್ಷದ ಮಗುವಿಗೆ ಒಂದು ಸರಳೆ ವರಿಸೆ (ಮೊಟ್ಟಮೊದಲ ಸ್ವರಪಾಠ) ಬಂದರೆ ಅದೇ ಹಬ್ಬ. ನಾನು ಆಕಾಶವಾಣಿಯಲ್ಲಿ ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿಕೊಂಡು ಬೆಳೆದವಳು. ತೋಡಿ ರಾಗದ ಗಾಂಧಾರ, ಅಂದರೆ ‘ಗ’ ಸ್ವರ, ಹೇಗೆ ತೂಗಬೇಕು ಅಂತ ಕಿವಿಗೆ ಗೊತ್ತು. ಕೈಗೆ ಮಾತ್ರ ಸ ರಿ ಗ ಮ ಕೂಡ ಹೊಸದು. ಈ ಅಂತರವನ್ನು ತಡೆದುಕೊಳ್ಳುವುದೇ ದೊಡ್ಡ ಕಷ್ಟ. ಮಂಡಿನೋವು, ಬೆರಳುನೋವು ಎಲ್ಲ ಆಮೇಲೆ.

ಆಸೆ ಹೈಸ್ಕೂಲಿನ ಕಾಲದ್ದು. ಮನೆ, ಮಕ್ಕಳು, ಕೆಲಸ ಅಂತ ಮುಂದಕ್ಕೆ ಹೋಯಿತು. ನಿವೃತ್ತಿಯಾದ ಮೇಲೆ ಮೊದಲು ಮಾಡಿದ್ದೇ ವೀಣೆ ಕೊಂಡದ್ದು.

ನಮ್ಮಲ್ಲಿ ವೀಣೆಯನ್ನು ಹೆಚ್ಚಾಗಿ ಹಲಸಿನ ಮರದಲ್ಲಿ ಮಾಡುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಇದಕ್ಕೇ ಹೆಸರಾದ ಊರು. ಕೊಳ್ಳುವಾಗ ಕೆತ್ತನೆ, ಬಣ್ಣ ನೋಡಿ ಮರುಳಾಗಬೇಡಿ. ಮುಖ್ಯ ತಂತಿಯಾದ ಸಾರಣಿಯನ್ನು ಸುಮ್ನೆ ಬಿಡಿಯಾಗಿ ಮೀಟಿ. ಆಮೇಲೆ ಅದನ್ನೇ 12ನೇ ಮೆಟ್ಟಿಲಿನಲ್ಲಿ (ತಂತಿಯ ಕೆಳಗಿನ ಅಡ್ಡಪಟ್ಟಿಗಳೇ ಮೆಟ್ಟಿಲು) ಒತ್ತಿ ಮೀಟಿ. ಎರಡೂ ಷಡ್ಜವೇ (‘ಸ’ ಸ್ವರ), ಒಂದು ಕೆಳಗಿನದು, ಒಂದು ಮೇಲಿನದು. ಅವು ಒಂದಕ್ಕೊಂದು ಕೂಡದಿದ್ದರೆ ಮೇಳ, ಅಂದರೆ ಮೆಟ್ಟಿಲುಗಳ ಜೋಡಣೆ, ಸರಿಯಿಲ್ಲ ಅಂತ ಅರ್ಥ. ವೀಣೆಯ 24 ಮೆಟ್ಟಿಲುಗಳೂ ಮೇಣದ ಮೇಲೆ ಕೂತಿರುತ್ತವೆ. ಬಿಸಿಲಿಗೆ ಮೇಣ ಮೆತ್ತಗಾದರೆ ಅವು ಜರುಗುತ್ತವೆ. ಆಗ ಮತ್ತೆ ಮೇಳ ಕಟ್ಟಿಸಬೇಕು. ವೀಣೆಯನ್ನು ಕಿಟಕಿಯ ಪಕ್ಕ ಇಡಲೇಬಾರದು.

ಗುರು ಸಿಗುವುದು ಸುಲಭವಾಗಿರಲಿಲ್ಲ. ಮೊದಲು ಹೋದ ಕಡೆ, "ಅಮ್ಮ, ನಿಮಗೆ ಪಾಠ ಯಾಕೆ? ಸುಲಭವಾದ ಎರಡು ದೇವರನಾಮ ಹೇಳಿಕೊಡ್ತೀನಿ, ಸಾಕಲ್ವಾ?" ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೂ ನನಗೆ ತುಂಬಾ ನೋವಾಯಿತು. ಜೀವನವಿಡೀ ಕಾದಿದ್ದು ಎರಡು ಹಾಡಿಗಲ್ಲ. ನಂತರ ಸಿಕ್ಕಿದ ಮೇಡಂ ನನ್ನ ಮಗಳಿಗಿಂತ ಚಿಕ್ಕವರು. ಅವರು ಮಕ್ಕಳಿಗೆ ಮೊದಲು ಕಲಿಸುವ ಮಾಯಾಮಾಳವಗೌಳ ರಾಗದಿಂದಲೇ ಶುರು ಮಾಡಿಸಿದರು. ಸರಳೆ, ಜಂಟಿ, ಅಲಂಕಾರ ಅನ್ನುವ ಸ್ವರಪಾಠಗಳು, ಆಮೇಲೆ ಮಲಹರಿ ರಾಗದ ಗೀತೆಗಳು. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಂಬಿಕೊಂಡು ಬಂದಿರುವ ಕ್ರಮ ಇದು. ಮಕ್ಕಳಿಗೆ ಹೇಗೋ ನನಗೂ ಹಾಗೆಯೇ ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ನುಡಿಸಿಯೇ ಮುಂದಿನ ಪಾಠ. ವಯಸ್ಸಿಗೆ ರಿಯಾಯಿತಿ ಕೊಡದ ಗುರುವನ್ನೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ದೇಹಕ್ಕೆ ಮಾತ್ರ ರಿಯಾಯಿತಿ ಬೇಕು. ಚಕ್ಕಳಮಕ್ಕಳ ಹಾಕಿ ಕೂರುವಾಗ ಸೊಂಟದ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಳ್ಳುತ್ತೇನೆ. ಮಂಡಿಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಒಂದೇ ಸಲ ಗಂಟೆಗಟ್ಟಲೆ ಕೂರುವುದಿಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಸ್ವಲ್ಪ, ಸಂಜೆ ದೀಪ ಹಚ್ಚಿದ ಮೇಲೆ ಸ್ವಲ್ಪ. ಎಡಗೈಯ ತೋರುಬೆರಳು ಮತ್ತು ನಡುಬೆರಳ ತುದಿಯಲ್ಲಿ ತಂತಿಯ ಗೆರೆ ಬೀಳುತ್ತದೆ. ಮೊದಮೊದಲು ಅದೇ ಬೆರಳಿನಿಂದ ಬಿಸಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ನೋವು ಜಾಸ್ತಿಯಾದ ದಿನ ಒತ್ತುವುದನ್ನು ಬಿಟ್ಟು ಬಲಗೈಯ ಮೀಟು ಮಾತ್ರ ಸಾಧನೆ ಮಾಡುತ್ತಿದ್ದೆ. ಕಿರುಬೆರಳಿಂದ ತಾಳದ ತಂತಿಗಳನ್ನು ಲಯ ತಪ್ಪದಂತೆ ಮೀಟುವುದೇ ಒಂದು ದೊಡ್ಡ ಕೆಲಸ. ಈಗ ಬೆರಳು ಗಟ್ಟಿಯಾಗಿದೆ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ. ಒಂದು ತೊಟ್ಟು ಬೆರಳಿಗೆ ಸವರಿಕೊಂಡರೆ ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ.

ಇನ್ನು ಆ ಕಿವಿಯ ವಿಚಾರ. ಮೊದಲು ಕಾಡಿದ ಕಿವಿಯೇ ಗಮಕದ, ಅಂದರೆ ಸ್ವರವನ್ನು ತೂಗುವ, ಪಾಠಕ್ಕೆ ಬಂದಾಗ ಕೈ ಹಿಡಿಯಿತು. ವೀಣೆಯಲ್ಲಿ ಬೆರಳನ್ನು ಒಂದೇ ಮೆಟ್ಟಿಲಿನ ಮೇಲಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೇಲೇರುತ್ತದೆ. ಎಷ್ಟು ಎಳೆಯಬೇಕು ಅಂತ ಅಲ್ಲಿ ಯಾವ ಗುರುತೂ ಇರುವುದಿಲ್ಲ. ಜೊತೆಯ ಮಕ್ಕಳ ಬೆರಳು ನನಗಿಂತ ಎಷ್ಟೋ ಚುರುಕು. ಆದರೂ ಎಲ್ಲಿ ನಿಲ್ಲಿಸಬೇಕು ಅನ್ನುವುದು ನನಗೆ ಬೇಗ ಸಿಕ್ಕಿತು. ಅಷ್ಟು ವರ್ಷ ಅಡುಗೆಮನೆಯಲ್ಲಿ ನಿಂತು ರೇಡಿಯೋ ಕೇಳಿದ್ದು ಸುಮ್ನೆ ಹೋಗಲಿಲ್ಲ.

ಈಗ ಮೋಹನ ರಾಗದ ವರ್ಣ ನಡೆಯುತ್ತಿದೆ. ಮೊದಲ ಕಾಲ ಹಿಡಿತಕ್ಕೆ ಬಂದಿದೆ, ಎರಡನೆಯದರಲ್ಲಿ ಚಿಟ್ಟೆಸ್ವರದ (ವರ್ಣದಲ್ಲಿ ಬರುವ ಸ್ವರಗಳ ಸಾಲು) ಹತ್ತಿರ ಬೆರಳು ಇನ್ನೂ ತಡವರಿಸುತ್ತದೆ. ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಬೇಕು ಅಂತ ಮೇಡಂ ಹೇಳಿದ್ದಾರೆ. ಕೂರುತ್ತೇನೆ.