ರೈಸ್ ಮಿಲ್‌ನ ಇಂಗ್ಲಿಷ್ ಪತ್ರಗಳಲ್ಲಿ ಕಾಮಾ: ನನ್ನ ಅನುಭವ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಇಂಗ್ಲಿಷ್ ಪತ್ರ, ಮೇಲ್ ಬರೆಯುವುದು ನನ್ನ ಕೆಲಸ. ನಮ್ಮ ಸೋನಾ ಮಸೂರಿ ತರಿಸಿಕೊಳ್ಳುವವರು ಚೆನ್ನೈ, ಕೊಚ್ಚಿ ಕಡೆಯವರು. ಅವರಿಗೆ ಕನ್ನಡ ಬರುವುದಿಲ್ಲ. ದರ, ತೂಕ, ತಕರಾರು ಎಲ್ಲಾ ಇಂಗ್ಲಿಷ್‌ನಲ್ಲೇ ಆಗಬೇಕು. ಅದಕ್ಕೇ ಕಾಮಾ ವಿಷಯದಲ್ಲಿ ನಾನು ಬಹಳ ಬಿಗಿ.

ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಕಾಮಾ ಹಾಕಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಕನ್ನಡಕ್ಕೆ ಇದು ಹೆಚ್ಚುಕಮ್ಮಿ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಕಾಮಾ ಹೋಗುವುದು ವಾಕ್ಯದ ಕಟ್ಟನ್ನು ನೋಡಿಕೊಂಡು.

ದುಡ್ಡಿಗೆ ತಾಗುವ ಒಂದು ಉದಾಹರಣೆ ಕೊಡುತ್ತೇನೆ. 400 ಚೀಲದ ಲೋಡ್ ಹೋಗಿದೆ, ದಾರಿಯಲ್ಲಿ ಮಳೆಗೆ ಹತ್ತು ಚೀಲ ನೆಂದಿವೆ ಅಂದುಕೊಳ್ಳಿ. "ದಿ ಬ್ಯಾಗ್ಸ್ ವಿಚ್ ವರ್ ವೆಟ್ ವಿಲ್ ಬಿ ರಿಪ್ಲೇಸ್ಡ್" ಅಂತ ಬರೆದರೆ ನೆಂದ ಹತ್ತನ್ನು ಮಾತ್ರ ಬದಲಿಸಿಕೊಡುತ್ತೇವೆ ಅಂತ ಅರ್ಥ. "ದಿ ಬ್ಯಾಗ್ಸ್, ವಿಚ್ ವರ್ ವೆಟ್, ವಿಲ್ ಬಿ ರಿಪ್ಲೇಸ್ಡ್" ಅಂತ ಬರೆದರೆ ಚೀಲ ಎಲ್ಲವೂ ನೆಂದಿದ್ದವು, ಎಲ್ಲವನ್ನೂ ಬದಲಿಸುತ್ತೇವೆ ಅಂತಾಯಿತು. ಎರಡು ಕಾಮಾ ಸೇರಿ 390 ಚೀಲ ನಮ್ಮ ತಲೆ ಮೇಲೆ.

ಕನ್ನಡದಲ್ಲಿ ಯೋಚಿಸುವವರಿಗೆ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾವು "ನೆಂದ ಚೀಲಗಳು" ಅಂತೀವಿ, ಬೇಕಾದರೆ "ಮಾತ್ರ" ಸೇರಿಸುತ್ತೇವೆ. ಕಾಮಾಕ್ಕೆ ಅಲ್ಲಿ ಕೆಲಸವೇ ಇಲ್ಲ. ಇಂಗ್ಲಿಷ್ ಬರೆಯುವಾಗ ನಾನು ಮಾಡುವುದು ಇಷ್ಟೇ: "ವಿಚ್ ವರ್ ವೆಟ್" ತರಹದ ತುಂಡಿನ ಮೇಲೆ ಬೆರಳಿಟ್ಟು ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಯಾವ ಚೀಲ ಅನ್ನುವುದು ಆಗಲೂ ಗೊತ್ತಾದರೆ ತುಂಡಿನ ಎರಡೂ ಕಡೆ ಕಾಮಾ. ಗೊತ್ತಾಗದಿದ್ದರೆ ಒಂದೂ ಬೇಡ. ತುಂಡು ವಾಕ್ಯದ ನಡುವೆ ಇದ್ದಾಗ ಒಂದೇ ಕಡೆ ಹಾಕಿ ಬಿಡುವುದಂತೂ ತಪ್ಪು.

"ದಿ ರೈಸ್ ವಿ ಲೋಡೆಡ್ ಆನ್ ಮಂಡೇ ಈವ್ನಿಂಗ್" ಅಂತ ಓದಿದ ಮೇಲೆ ನಾಲಿಗೆ ತಾನಾಗಿಯೇ ನಿಲ್ಲುತ್ತದೆ. ಮುಂದೆ "ಹ್ಯಾಸ್ ರೀಚ್ಡ್ ಚೆನ್ನೈ" ಇದೆ. ನಡುವೆ ಕಾಮಾ ಹಾಕಲು ಕೈ ತುರಿಸುತ್ತದೆ. ಹಾಕಬಾರದು. ಕರ್ತೃ ಎಷ್ಟೇ ಉದ್ದವಿರಲಿ, ಅದನ್ನೂ ಕ್ರಿಯಾಪದವನ್ನೂ ಒಂಟಿ ಕಾಮಾ ಹಾಕಿ ಬೇರೆ ಮಾಡುವಂತಿಲ್ಲ.

ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಜೋಡಿಸುವುದೂ ಹಾಗೆಯೇ. "ಮಳೆ ಬಂತು, ಲಾರಿ ನಿಂತಿತು" ಕನ್ನಡದಲ್ಲಿ ಚೆಂದ. ಇಂಗ್ಲಿಷ್‌ನಲ್ಲಿ ಕಾಮಾ ಆದಮೇಲೆ ಒಂದು "ಅಂಡ್" ಅಥವಾ "ಸೋ" ತರಹದ ಪದ ಇರಲೇಬೇಕು, ಇಲ್ಲವೇ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಹಾಕಬೇಕು. ನನಗೆ ಫುಲ್‌ಸ್ಟಾಪೇ ಇಷ್ಟ. ವ್ಯಾಪಾರದ ಪತ್ರಕ್ಕೆ ಸಣ್ಣ ವಾಕ್ಯ ಒಳ್ಳೆಯದು.

ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ: "ಅಣ್ಣಾ, ಇಫ್ ಮುಂದ ಬಂದ್ರ ಕಾಮಾ, ಹಿಂದ ಬಂದ್ರ ಬ್ಯಾಡೇನ್ರಿ?" ಸರಿಯಾಗಿಯೇ ಹಿಡಿದಿದ್ದ. "ಇಫ್ ದಿ ಪೇಮೆಂಟ್ ಕಮ್ಸ್ ಟುಡೇ, ವಿ ವಿಲ್ ಲೋಡ್ ಟುಮಾರೋ." ತಿರುಗಿಸಿ ಬರೆದರೆ ಸಾಮಾನ್ಯವಾಗಿ ಕಾಮಾ ಬೇಡ.

ಪಟ್ಟಿ ಬರೆಯುವಾಗ ಕೊನೆಯ "ಅಂಡ್" ಅಥವಾ "ಆರ್" ಬರುವ ಮೊದಲು ಕಾಮಾ ಬೇಕೋ ಬೇಡವೋ ಅನ್ನುವುದು ಹಳೇ ಜಗಳ. ನಾನು ಹಾಕುತ್ತೇನೆ. ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿ ಪ್ರಕರಣ ಓದಿದವರು ಯಾರೂ ಬಿಡಲಾರರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅನ್ನುವ ಕಾನೂನಿನ ಪಟ್ಟಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಅಂತ ಮುಗಿಯುತ್ತಿತ್ತು. "ಆರ್" ಬರುವ ಮೊದಲು ಕಾಮಾ ಇರಲಿಲ್ಲ. ಹಾಗಾದರೆ ಆ ಕೊನೆಯ ತುಂಡಿನ ಅರ್ಥ ಸಾಗಣೆಗೋ ಹಂಚಿಕೆಗೋ ಮಾಡುವ ಪ್ಯಾಕಿಂಗ್ ಮಾತ್ರ, ನಾವು ಮಾಡುವುದು ಹಂಚಿಕೆ, ನಮಗೆ ಓವರ್‌ಟೈಮ್ ಕೊಡಿ ಅಂತ ಡೇರಿಯ ಚಾಲಕರು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಅವರ ಕಡೆಗೇ ಆಯಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ಪ್ಯಾಕಿಂಗ್, ಲೋಡಿಂಗ್, ಸಾಗಣೆ ಖರ್ಚು ಯಾರದು ಅಂತ ದಿನಾ ಬರೆಯುವ ನನಗೆ ಇದು ದೂರದ ಕಥೆ ಅನಿಸುವುದೇ ಇಲ್ಲ.

ಅಂಕಿಗಳ ಕಾಮಾ ಬೇರೆಯೇ ಲೆಕ್ಕ. ನಮ್ಮ ದೇಶದೊಳಗಿನ ಪತ್ರಕ್ಕೆ 1,00,000, ಹೊರದೇಶಕ್ಕೆ ಹೋಗುವುದಕ್ಕೆ 100,000. ಒಂದೇ ಕೊಟೇಶನ್‌ನಲ್ಲಿ ಎರಡನ್ನೂ ಬೆರೆಸಿದ್ದು ಕಂಡರೆ ನಾನು ಅದನ್ನು ಕಳಿಸಲು ಬಿಡುವುದಿಲ್ಲ.