ಘಟ್ಟದ ಬೇಣದಲ್ಲೂ ಕಡಲ ದಂಡೆಯಲ್ಲೂ ಮಡಚುವ ಸೋಲಾರ್ ಪ್ಯಾನೆಲ್: ನನ್ನ ಅನುಭವ

ಕೈಗಾ ಅಣುಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ 4 ಘಟಕಗಳಿವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟೆಗಳಿವೆ. ಇಷ್ಟೊಂದು ವಿದ್ಯುತ್ತನ್ನು ನಾಡಿಗೆಲ್ಲ ಕಳಿಸುವ ಉತ್ತರ ಕನ್ನಡದಲ್ಲಿ, ಘಟ್ಟದಂಚಿನ ಬೇಣ ಎಂಬ ಹುಲ್ಲುಗಾವಲೊಂದರಲ್ಲಿಯೋ ಗೋಕರ್ಣ ಮತ್ತು ಕುಮಟಾ ನಡುವಿನ ದಂಡೆಯಲ್ಲಿಯೋ ಎರಡು ಮೂರು ರಾತ್ರಿ ಕಳೆಯಹೊರಟವನಿಗೆ ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ನಾನು ಶಿರಸಿಯವನು. ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸಿಕೊಳ್ಳುವುದು, ಆಗಾಗ ಅವುಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಅರಣ್ಯದೊಳಗೆ ತಂಗಲು ಇಲಾಖೆಯ ಅನುಮತಿ ಬೇಕಾಗುವುದರಿಂದ ಹೆಚ್ಚಾಗಿ ಪರಿಚಯದವರ ಬೇಣಗಳಲ್ಲಿ, ಅವರನ್ನು ಕೇಳಿಯೇ ಗುಡಾರ ಹಾಕುತ್ತೇನೆ. ಇಂಥ ಓಡಾಟದಲ್ಲಿ ಕೆಲವು ವರ್ಷಗಳಿಂದ ಮಡಚುವ ಸೋಲಾರ್ ಪ್ಯಾನೆಲ್ ನನ್ನ ಜೊತೆಗಿದೆ. ನಮ್ಮ ಭಾಗದ ನೆಲ ಮತ್ತು ಬಿಸಿಲಿನ ಸ್ವಭಾವಕ್ಕೆ ಅದನ್ನು ಹೇಗೆ ಹೊಂದಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ಯಾನೆಲ್ ಕೊಳ್ಳುವ ಮೊದಲು ದಿನದ ವಿದ್ಯುತ್ ಖರ್ಚಿನ ಲೆಕ್ಕ ಮಾಡಿಕೊಳ್ಳುವುದು ಅಗತ್ಯ. 5000 ಎಂಎಎಚ್‌ನ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ (ಒಂದು ವ್ಯಾಟ್‌ನಂತೆ ಒಂದು ಗಂಟೆ ಬಳಸಿದರೆ ಒಂದು ವ್ಯಾಟ್-ಅವರ್) ಶಕ್ತಿಯಿರುತ್ತದೆ. ನನ್ನ ಕ್ಯಾಮೆರಾದ ಬ್ಯಾಟರಿಯಲ್ಲಿ 14, ತಲೆಗೆ ಕಟ್ಟಿಕೊಳ್ಳುವ ಟಾರ್ಚಿನಲ್ಲಿ 11ರ ಆಸುಪಾಸು. ಇಬ್ಬರು ಹೋದರೆ ದಿನಕ್ಕೆ 60ರಿಂದ 70 ವ್ಯಾಟ್-ಅವರ್ ಸಾಕು. ಇದರಲ್ಲಿ ಸುಮ್ಮನೆ ಸೋರಿಹೋಗುವ ಪಾಲು ಫೋನಿನದು. ಘಟ್ಟದ ಕಣಿವೆಗಳಲ್ಲಿ ಸಿಗ್ನಲ್ ಸಿಗದೆ ಅದು ಟವರ್ ಹುಡುಕುತ್ತಲೇ ಇದ್ದು ಬ್ಯಾಟರಿಯನ್ನು ತಿಂದುಹಾಕುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೂ ಜಿಪಿಎಸ್ ಕೆಲಸ ಮಾಡುವುದರಿಂದ ಮೊದಲೇ ಇಳಿಸಿಕೊಂಡ ನಕ್ಷೆ ನೋಡಲು ಅಡ್ಡಿಯಿಲ್ಲ. ಈ ಒಂದು ಅಭ್ಯಾಸದಿಂದಲೇ ಸಾಕಷ್ಟು ಶಕ್ತಿ ಉಳಿಯುತ್ತದೆ.

ಪ್ಯಾನೆಲ್ಲಿನ ಮೇಲೆ ಬರೆದಿರುವ ವ್ಯಾಟ್ ಅನ್ನು ಪೂರ್ತಿ ನಂಬಿ ಲೆಕ್ಕ ಹಾಕುವಂತಿಲ್ಲ. ಆ ಅಂಕಿಯನ್ನು ನಿಗದಿಪಡಿಸುವುದು ಪ್ರಯೋಗಶಾಲೆಯಲ್ಲಿ, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿರುವಾಗ ಮತ್ತು ಅದನ್ನು ವಿದ್ಯುತ್ತಾಗಿಸುವ ಸೆಲ್‌ನ ತಾಪಮಾನ 25 ಡಿಗ್ರಿ ಇರುವಾಗ. ನಮ್ಮ ಬಿಸಿಲಿನಲ್ಲಿ ಹರವಿದ ಪ್ಯಾನೆಲ್ಲಿನ ಸೆಲ್ ಸುಲಭವಾಗಿ 60 ಡಿಗ್ರಿ ದಾಟುತ್ತದೆ, ಮತ್ತು 25ರ ಮೇಲೆ ಏರುವ ಪ್ರತಿ ಡಿಗ್ರಿಗೂ ಉತ್ಪಾದನೆ ಶೇಕಡಾ 0.35ರಿಂದ 0.4ರಷ್ಟು ಇಳಿಯುವುದರಿಂದ, ಕಾವಿನಲ್ಲಿಯೇ ಶೇಕಡಾ 12ರಿಂದ 15ರಷ್ಟು ಹೋಗಿಬಿಡುತ್ತದೆ. ಅದರ ಮೇಲೆ ಕರಾವಳಿಯ ಮಬ್ಬು, ಕೇಬಲ್ಲಿನ ನಷ್ಟ, ಓರೆಯಾಗಿ ಬೀಳುವ ಬಿಸಿಲು. ನನ್ನ 60 ವ್ಯಾಟ್ ಪ್ಯಾನೆಲ್ ಒಳ್ಳೆಯ ಮಧ್ಯಾಹ್ನದಲ್ಲಿ 40ರ ಹತ್ತಿರ ಕೊಟ್ಟರೆ ನಾನು ತೃಪ್ತ. ಅಂಥ ಮೂರು ಗಂಟೆ ಸಿಕ್ಕರೆ, ಬ್ಯಾಟರಿಗೆ ಹೋಗಿ ಬರುವ ನಷ್ಟವನ್ನು ಕಳೆದರೂ ಇಬ್ಬರ ದಿನದ ಖರ್ಚು ನೀಗುತ್ತದೆ. 28 ವ್ಯಾಟ್‌ನ ಯುಎಸ್‌ಬಿ ಪ್ಯಾನೆಲ್‌ಗಳು ಒಂದು ಕಿಲೋಗಿಂತ ಕಡಿಮೆ ತೂಗುತ್ತವೆ, ಒಬ್ಬನಿಗೆ ಸಾಕು. 100 ವ್ಯಾಟ್‌ನವು 4ರಿಂದ 5 ಕಿಲೋ ಇರುವುದರಿಂದ ಕಾರು ಹೋಗುವಲ್ಲಿಗೆ ಮಾತ್ರ ಸರಿ. ಎರಡೂವರೆ ಕಿಲೋದೊಳಗಿನ 60 ವ್ಯಾಟ್ ನನ್ನ ಬೆನ್ನಿಗೆ ಒಗ್ಗಿದೆ.

ಎಷ್ಟು ವ್ಯಾಟ್ ಎಂಬುದಕ್ಕಿಂತ ಮಧ್ಯಾಹ್ನ ಎಲ್ಲಿ ಕೂರುತ್ತೇವೆ ಎಂಬುದೇ ನಮ್ಮ ಸೀಮೆಯಲ್ಲಿ ಹೆಚ್ಚು ಮುಖ್ಯವೆಂದು ನಾನು ಕಂಡುಕೊಂಡಿದ್ದೇನೆ. ಹಕ್ಕಿಗಳು ಮೌನವಾಗುವ, ಚಿತ್ರಕ್ಕೆ ಬೆಳಕು ಒರಟಾಗುವ, ಹೊಟ್ಟೆ ಹಸಿಯುವ ಹೊತ್ತು ಒಂದೇ, ಮತ್ತು ಪ್ಯಾನೆಲ್ಲಿಗೆ ಅದೇ ಸುಗ್ಗಿಯ ಹೊತ್ತು. ಭಾರತದ ಗಡಿಯಾರ ಪೂರ್ವದ 82.5 ಡಿಗ್ರಿ ರೇಖಾಂಶದ್ದಾದ್ದರಿಂದ, 74 ಡಿಗ್ರಿಯ ಸಮೀಪದ ಕಾರವಾರದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ವರ್ಷದ ಬಹುಪಾಲು ಹನ್ನೆರಡೂವರೆಯ ಆಚೀಚೆ, ಜನವರಿ ಕೊನೆಯಲ್ಲಂತೂ ಹನ್ನೆರಡೂ ಮುಕ್ಕಾಲರ ಸುಮಾರಿಗೆ. ಹೀಗಾಗಿ ಹನ್ನೊಂದರಿಂದ ಎರಡರವರೆಗೆ ನಡಿಗೆ ನಿಲ್ಲಿಸುತ್ತೇನೆ, ಬೆಳಿಗ್ಗೆಯೇ ಆ ತಾಣವನ್ನು ಯೋಚಿಸಿಟ್ಟುಕೊಂಡಿರುತ್ತೇನೆ. ದಣಿದ ಮನುಷ್ಯ ಸಹಜವಾಗಿ ಮರದಡಿ ಕೂರುತ್ತಾನೆ. ಪ್ಯಾನೆಲ್ಲಿಗೆ ಬೇಕಾದದ್ದು ಮರವೇ ಇಲ್ಲದ ಚಿರೇಕಲ್ಲಿನ ಹಾಸು ಅಥವಾ ಹುಲ್ಲು ಬೇಣ. ಮರದ ನೆರಳೂ ಬಯಲೂ ಪಕ್ಕಪಕ್ಕದಲ್ಲಿರುವ ಅಂಚನ್ನು ಹುಡುಕಿಕೊಳ್ಳುವುದೇ ನನ್ನ ಪದ್ಧತಿ.

ನೆರಳಿನ ವಿಷಯದಲ್ಲಿ ಈ ಉಪಕರಣ ಎಷ್ಟು ನಾಜೂಕು ಎಂಬುದನ್ನು ಕಣ್ಣಾರೆ ನೋಡದೆ ನಂಬುವುದು ಕಷ್ಟ. ಕೇಬಲ್ ಮತ್ತು ಪ್ಯಾನೆಲ್ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಒಂದನ್ನು ನಾನು ಸದಾ ಇಟ್ಟುಕೊಂಡಿರುತ್ತೇನೆ. ಪೂರ್ಣ ಬಿಸಿಲಿನಲ್ಲಿ ಅದು 2 ಆಂಪಿಯರ್ ತೋರಿಸುತ್ತಿರುವಾಗ, ಒಂದೇ ಒಂದು ಸೆಲ್‌ನ ಮೇಲೆ ಅಂಗೈ ಅಡ್ಡ ಹಿಡಿದರೆ ಅಂಕಿ ಸೊನ್ನೆಯ ಹತ್ತಿರಕ್ಕೆ ಜಾರುತ್ತದೆ. ಕೈ ತೆಗೆದರೆ ತಿರುಗಿ ಏರುತ್ತದೆ. ಸೆಲ್‌ಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ಎಲ್ಲಕ್ಕಿಂತ ದುರ್ಬಲವಾದ ಸೆಲ್ ಎಷ್ಟು ಕರೆಂಟ್ ಬಿಡುತ್ತದೆಯೋ ಇಡೀ ಸಾಲಿನಲ್ಲಿ ಅಷ್ಟೇ ಹರಿಯುತ್ತದೆ. ನೆರಳು ಬಿದ್ದ ಭಾಗವನ್ನು ಬಳಸಿ ದಾಟಿಸುವ ಬೈಪಾಸ್ ಡಯೋಡ್ ಕೆಲವು ಪ್ಯಾನೆಲ್‌ಗಳಲ್ಲಿದ್ದರೂ ಸಣ್ಣವುಗಳಲ್ಲಿ ಹಲವಕ್ಕೆ ಇರುವುದಿಲ್ಲ. ಆದ್ದರಿಂದಲೇ ಅಡಿಕೆ ತೋಟದಲ್ಲಿ ಬೆಳಕು ಧಾರಾಳವಾಗಿ ಇರುವಂತೆ ಕಂಡರೂ ಪ್ಯಾನೆಲ್ ಹರವುವುದು ವ್ಯರ್ಥ; ಸೋಗೆಗಳ ಗೆರೆಗೆರೆ ನೆರಳು ಯಾವುದೋ ಒಂದು ಸೆಲ್‌ನ ಮೇಲೆ ಇದ್ದೇ ಇರುತ್ತದೆ. ತೋಟದ ಮನೆಗಳಲ್ಲಿ ಅಡಿಕೆ ಒಣಗಿಸುವ ಅಂಗಳವೇ ಇದಕ್ಕೆ ಪ್ರಶಸ್ತ, ಆದರೆ ಕೊಯ್ಲಿನ ದಿನಗಳಲ್ಲಿ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಕೋನವನ್ನು ಹೊಂದಿಸಲು ಯಾವ ಸಲಕರಣೆಯೂ ಬೇಡ. ಪ್ಯಾನೆಲ್ಲಿಗೆ ನೆಟ್ಟಗೆ ಒಂದು ಕಡ್ಡಿ ಹಿಡಿದು, ಅದರ ನೆರಳು ಪೂರ್ತಿ ಮಾಯವಾಗುವವರೆಗೆ ಪ್ಯಾನೆಲ್ಲನ್ನು ವಾಲಿಸಿದರೆ ಬಿಸಿಲು ನೇರವಾಗಿ ಬೀಳುತ್ತಿದೆ ಎಂದರ್ಥ. ಮೂವತ್ತು ಡಿಗ್ರಿ ಓರೆಯಾದರೆ ಹೋಗುವುದು ಶೇಕಡಾ 13 ಮಾತ್ರ, ಅರವತ್ತಾದರೆ ಅರ್ಧಕ್ಕರ್ಧ. ಡಿಸೆಂಬರಿನಲ್ಲಿ ಶಿರಸಿಯ ನಡುಹಗಲ ಸೂರ್ಯ ದಕ್ಷಿಣಕ್ಕೆ ಸರಿದು ಸುಮಾರು 52 ಡಿಗ್ರಿ ಎತ್ತರದಲ್ಲಿಯೇ ನಿಲ್ಲುವುದರಿಂದ, ನೆಲಕ್ಕೆ ಹಾಸಿದ ಪ್ಯಾನೆಲ್ ಐದನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ; ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಚಪ್ಪಟೆಯಾಗಿ ಹಾಸಿದರೂ ನಡೆಯುತ್ತದೆ. ಹಾಗಿದ್ದರೂ ನಾನು ಎರಡು ಕವಲು ಕೋಲು ಕೊಟ್ಟು ಪ್ಯಾನೆಲ್ಲನ್ನು ನೆಲದಿಂದ ಗೇಣಷ್ಟು ಎತ್ತರಿಸುತ್ತೇನೆ, ಏಕೆಂದರೆ ಕಾದ ಚಿರೇಕಲ್ಲಿಗೆ ಅಂಟಿಕೊಂಡರೆ ಹಿಂಬದಿಯಲ್ಲಿ ಗಾಳಿಯಾಡದೆ ಸೆಲ್ ಇನ್ನಷ್ಟು ಕಾಯುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು, ಹಪ್ಪಳದ ಚಾಪೆಯನ್ನು ಬಿಸಿಲಿನ ಹಿಂದೆಯೇ ಎಳೆದುಕೊಂಡು ಹೋಗುವವರಂತೆ, ಅದರ ಮುಖ ತಿರುಗಿಸುತ್ತೇನೆ.

ಬೆನ್ನಚೀಲಕ್ಕೆ ಪ್ಯಾನೆಲ್ ಕಟ್ಟಿಕೊಂಡು ನಡೆಯುತ್ತ ಚಾರ್ಜ್ ಮಾಡುವ ಚಿತ್ರಗಳನ್ನು ಜಾಹೀರಾತುಗಳಲ್ಲಿ ನೋಡಿದವರು ಈ ಬಗ್ಗೆ ನನ್ನನ್ನು ಕೇಳುತ್ತಾರೆ. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ದಂಡೆಗಳ ಮೇಲೆ ಸಾಗಿ, ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿಯನ್ನು ದಾಟಿ ಕುಮಟಾ ಕಡೆ ನಡೆಯುವ ದಾರಿಯನ್ನೇ ತೆಗೆದುಕೊಳ್ಳೋಣ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ, ನಾವೂ ದಕ್ಷಿಣಕ್ಕೇ ಮುಖ ಮಾಡಿ ನಡೆಯುತ್ತೇವೆ. ಬೆನ್ನ ಮೇಲಿನ ಪ್ಯಾನೆಲ್ ಇಡೀ ಮಧ್ಯಾಹ್ನ ಉತ್ತರಕ್ಕೆ ತಿರುಗಿಕೊಂಡು ನಮ್ಮದೇ ನೆರಳಿನಲ್ಲಿರುತ್ತದೆ. ಕುಮಟಾದಿಂದ ಗೋಕರ್ಣಕ್ಕೆ ನಡೆದರೆ ಬಿಸಿಲು ಬೆನ್ನಿಗೆ ಬೀಳುತ್ತದೆಯಾದರೂ ನೆಟ್ಟಗೆ ತೂಗುವ ಪ್ಯಾನೆಲ್ಲಿಗೆ ಅದು ತೀರ ಓರೆ, ನಡುನಡುವೆ ಗುಡ್ಡದ ನೆರಳು, ಮರದ ನೆರಳು. ನಡೆಯುವಾಗ ಅದನ್ನು ಮಡಚಿ ಒಳಗಿಡುವುದೇ ಮೇಲು.

ಮೋಡ ಬಂದು ಹೋಗುವ ದಿನಗಳಲ್ಲಿ ಫೋನನ್ನು ನೇರವಾಗಿ ಪ್ಯಾನೆಲ್ಲಿಗೆ ಸಿಕ್ಕಿಸಬಾರದು. ಬಿಸಿಲು ಮರೆಯಾದ ಕೂಡಲೇ ಚಾರ್ಜಿಂಗ್ ಕಡಿದುಹೋಗುತ್ತದೆ, ಬಿಸಿಲು ಮರಳಿದ ಮೇಲೆಯೂ ಕೆಲವು ಫೋನ್‌ಗಳು ಹಿಂದಿನ ಕಡಿಮೆ ಕರೆಂಟಿನಲ್ಲಿಯೇ ಉಳಿದುಬಿಡುತ್ತವೆ. ಪ್ಯಾನೆಲ್‌ನಿಂದ ಪವರ್ ಬ್ಯಾಂಕಿಗೆ, ರಾತ್ರಿ ಪವರ್ ಬ್ಯಾಂಕಿನಿಂದ ಉಳಿದೆಲ್ಲಕ್ಕೂ ಎಂಬುದು ನಾನು ತಪ್ಪದೆ ಪಾಲಿಸುವ ಕ್ರಮ. 20,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕ್ ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್ ಆಗುತ್ತದೆ, ಕೈಗೆ ಸಿಗುವುದು 60ರ ಸುಮಾರು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಹೆಚ್ಚು ಕಾವಿನಲ್ಲಿ ಚಾರ್ಜ್ ಮಾಡಬಾರದಾದ್ದರಿಂದ, ಪ್ಯಾನೆಲ್ಲಿನ ಹಿಂದೆ ಹೊಲಿದಿರುವ ಚೀಲದಲ್ಲಿ ಅದನ್ನು ಇಡುವುದು ನನಗೆ ಸರಿಕಾಣುವುದಿಲ್ಲ. ಆ ಚೀಲ ಕಾದ ಕಾವಲಿಗೆ ಒತ್ತಿಕೊಂಡಿರುತ್ತದೆ. ನೆರಳಿನಲ್ಲಿರುವ ಬ್ಯಾಟರಿಗೂ ಬಿಸಿಲಿನಲ್ಲಿರುವ ಪ್ಯಾನೆಲ್ಲಿಗೂ ನಡುವೆ ಉದ್ದದ ಕೇಬಲ್ ಬೇಕಾದಾಗ ಅದನ್ನು 5 ವೋಲ್ಟಿನ ಯುಎಸ್‌ಬಿ ಕಡೆಯಲ್ಲಿ ಅಲ್ಲ, 18 ವೋಲ್ಟಿನ ಡಿಸಿ ಕಡೆಯಲ್ಲಿ ಎಳೆಯಬೇಕು. ತಂತಿಯಲ್ಲಿ ಅರ್ಧ ವೋಲ್ಟ್ ಇಳಿದರೆ 5ರಲ್ಲಿ ಅದು ಹತ್ತನೆಯ ಒಂದು ಪಾಲು, 18ರಲ್ಲಿ ಶೇಕಡಾ 3ಕ್ಕೂ ಕಡಿಮೆ. ಪವರ್ ಸ್ಟೇಷನ್ ಎಂಬ ದೊಡ್ಡ ಬ್ಯಾಟರಿ ಪೆಟ್ಟಿಗೆಯನ್ನು ಬಳಸುವವರು, ಹೊರೆ ಇಲ್ಲದಿರುವಾಗ ಪ್ಯಾನೆಲ್ ಕೊಡುವ ವೋಲ್ಟೇಜು, ಅಂದರೆ 18 ವೋಲ್ಟಿನ ಪ್ಯಾನೆಲ್ಲಿಗೆ 22ರ ಆಸುಪಾಸು, ತಮ್ಮ ಯಂತ್ರದ ಮಿತಿಯೊಳಗಿದೆಯೇ ಎಂದು ನೋಡಿಕೊಳ್ಳಬೇಕು.

ಕಡಲ ದಂಡೆಯ ರೀತಿಯೇ ಬೇರೆ. ಕುಡ್ಲೆ, ಓಂ ಮುಂತಾದ ದಂಡೆಗಳಿಗೆ ಪೂರ್ವದಲ್ಲಿ ಗುಡ್ಡ ಇರುವುದರಿಂದ ಬೆಳಗಿನ ಬಿಸಿಲು ತಡವಾಗಿ ಇಳಿಯುತ್ತದೆ. ಅದರ ಬದಲಿಗೆ ಸಂಜೆಯ ಬಿಸಿಲು ಸೂರ್ಯ ಮುಳುಗುವವರೆಗೂ ಸಿಗುತ್ತದೆ. ಮಧ್ಯಾಹ್ನದ ಕಡಲಗಾಳಿ ಹಗುರವಾದ ಪ್ಯಾನೆಲ್ಲನ್ನು ಮಗುಚಿ ಹಾಕಬಲ್ಲದು. ಹಾಗೆಂದು ಅದರ ಮೇಲೆ ಕಲ್ಲು ಹೇರಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಸೆಲ್ ಕೆಡುತ್ತದೆ. ಮೂಲೆಯ ತೂತುಗಳಿಗೆ ಹಗ್ಗ ಹಾಕಿ, ಮರಳು ತುಂಬಿದ ಚೀಲಗಳಿಗೆ ಕಟ್ಟುವುದು ಕ್ಷೇಮ. ಕಾರವಾರದ ದೇವಬಾಗದಲ್ಲಿ ಹೀಗೆ ಕಟ್ಟುತ್ತಿದ್ದಾಗ, ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಬಂದು, "ತಮಾ, ಇದ್ರಿಂದ ರಾತ್ರೆ ದೋಣೀಲಿ ಲೈಟ್ ಉರೀತದ್ಯೇನೋ?" ಎಂದು ಕೇಳಿದರು. "ಹಗಲು ಬ್ಯಾಟರಿ ತುಂಬಿಟ್ಟುಕೊಂಡರೆ ಉರೀತದೆ, ಆದರೆ ಉಪ್ಪುನೀರು ತಾಗದ ಹಾಗೆ ನೋಡ್ಕೊಳ್ಳಬೇಕು" ಎಂದೆ. "ದೋಣೀಲಿ ತಾಗದ್ದು ಯಾವುದಿದೆಯೋ?" ಎಂದು ನಕ್ಕರು. ಅವರು ಹೇಳಿದ್ದು ಸರಿಯೇ. ಧೂಳು, ನೀರಿನ ಸಿಂಚನ ಒಳಹೋಗದೆಂದು ಸೂಚಿಸುವ ಐಪಿ65 ಎಂಬ ಗುರುತು ಅನೇಕ ಪ್ಯಾನೆಲ್‌ಗಳಲ್ಲಿ ಹಾಳೆಗಷ್ಟೇ ಅನ್ವಯಿಸುತ್ತದೆ, ಯುಎಸ್‌ಬಿ ಕಿಂಡಿಗಳಿರುವ ಡಬ್ಬಿಗೆ ಅಲ್ಲ. ತುಂತುರು ಒಣಗಿ ಕೂತ ಉಪ್ಪಿನ ಪೊರೆಯನ್ನು ಸಿಹಿನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ, ಅದಕ್ಕೂ ಮೊದಲು ಮರಳನ್ನು ನೀರು ಸುರಿದು ತೊಳೆಯುತ್ತೇನೆ; ಒಣಬಟ್ಟೆಯಿಂದ ಉಜ್ಜಿದರೆ ಮೇಲ್ಮೈಯೆಲ್ಲ ಗೀರು ಬೀಳುತ್ತದೆ. ಕೊಳ್ಳುವಾಗ ಮೇಲ್ಪದರ ಬಾಳಿಕೆಯ ಪ್ಲಾಸ್ಟಿಕ್ ಆದ ಇಟಿಎಫ್‌ಇಯದೇ ಎಂದು ಕೇಳಿ ನೋಡಬೇಕು, ಏಕೆಂದರೆ ಅಗ್ಗದ ಪೆಟ್ ಪ್ಲಾಸ್ಟಿಕ್ಕಿನ ಪದರ ಬಿಸಿಲಿಗೆ ಬೇಗ ಹಳದಿಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾನೆಲ್ಲನ್ನು ಹೊರಗೆ ಒಯ್ಯುವುದಿಲ್ಲ. ದಟ್ಟ ಮೋಡದಡಿ ಸಿಗುವುದು ಅದರ ಸಾಮರ್ಥ್ಯದ ಸಣ್ಣ ಪಾಲು ಮಾತ್ರ. ಅಷ್ಟಕ್ಕಾಗಿ ಎರಡು ಕಿಲೋ ಹೊರುವುದಕ್ಕಿಂತ ಮನೆಯಲ್ಲಿಯೇ ತುಂಬಿಸಿದ ಎರಡು ಪವರ್ ಬ್ಯಾಂಕ್ ಒಯ್ಯುವುದು ಹಗುರ. ಶಿರಸಿಯ ಮಳೆಗಾಲದಲ್ಲಿ ಮಡಿಕೆಗಳ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಕಿಂಡಿಗಳ ಲೋಹಕ್ಕೆ ಕಿಲುಬು ಏರುತ್ತದೆ. ಆದ್ದರಿಂದ ಅದನ್ನು ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡುತ್ತೇನೆ, ಪವರ್ ಬ್ಯಾಂಕನ್ನು ಅರ್ಧದಷ್ಟು ಚಾರ್ಜಿನಲ್ಲಿ ಬೇರೆಯಾಗಿ ಇಡುತ್ತೇನೆ. ಹೊಳವಾದ ದಿನ ಎರಡನ್ನೂ ಹೊರತೆಗೆದು, ಮಡಿಕೆಗಳ ಒಳಗಿನ ತಂತಿ ಎಲ್ಲಿಯೂ ತುಂಡಾಗಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಮೀಟರ್ ಸಿಕ್ಕಿಸಿ, ಒಂದೊಂದೇ ಮಡಿಕೆಯನ್ನು ಅಲುಗಾಡಿಸಿ ಅಂಕಿ ನೋಡುತ್ತೇನೆ.