ಸ್ಟ್ಯಾಂಪೀಡ್ ಜಲಾಶಯದಲ್ಲಿ ಕೊಕನೀ ಮೀನು: ಮೊದಲ ಬೇಸಿಗೆಯ ಕುಟುಂಬಗಳಿಗೆ

ಸ್ಯಾಕ್ರಮೆಂಟೊ ಕಡೆಗೆ ಹೊಸದಾಗಿ ಬಂದವರಿಗೆ ಜುಲೈ ಕಷ್ಟದ ತಿಂಗಳು. ಶಾಲೆಗೆ ರಜೆ, ಹೊರಗೆ ನೂರು ಡಿಗ್ರಿ ದಾಟುವ ಬಿಸಿಲು, ಅಪಾರ್ಟ್‌ಮೆಂಟಿನೊಳಗೆ ಚಡಪಡಿಸುವ ಮಕ್ಕಳು, ಊರಿನಿಂದ ಬಂದು ಕಿಟಕಿಯ ಬಳಿ ಕುಳಿತಿರುವ ಅಪ್ಪ ಅಮ್ಮ. ಒಂದು ದಿನ ಎಲ್ಲಿಗಾದರೂ ಹೋಗಿಬರಬೇಕು, ಎಲ್ಲ ವಯಸ್ಸಿನವರಿಗೂ ಹೊಂದಬೇಕು ಎಂದು ನಮ್ಮ ಕನ್ನಡ ಸಂಘದವರನ್ನು ಕೇಳುತ್ತೀರಿ. ನನ್ನ ಉತ್ತರ ಪ್ರತಿ ವರ್ಷವೂ ಒಂದೇ. ಇಂಟರ್‌ಸ್ಟೇಟ್ 80 ಹಿಡಿದು ಎರಡು ಗಂಟೆ ಬೆಟ್ಟ ಹತ್ತಿ, ಟ್ರಕೀ ಪಟ್ಟಣ ದಾಟಿ, ಬೋಕಾ ಜಲಾಶಯದ ಪಕ್ಕದ ರಸ್ತೆಯಲ್ಲಿ ಇನ್ನೂ ಮೇಲಕ್ಕೆ ಹೋಗಿ. ಅಲ್ಲಿ ಸ್ಟ್ಯಾಂಪೀಡ್ ಇದೆ. ಬೆಳಗಿನ ಆರು ಗಂಟೆಗೆ ಅಲ್ಲಿ ಸ್ವೆಟರ್ ಬೇಕು.

ನನ್ನ ಊರು ಸಾಗರದ ಕಡೆ, ಶರಾವತಿ ಹಿನ್ನೀರಿನ ದಡ. ಮುಳುಗಿದ ಮರಗಳ ಬೊಡ್ಡೆ, ಬೇಸಿಗೆಯಲ್ಲಿ ಇಳಿಯುವ ನೀರು, ದಡದ ಕೆಂಪು ಪಟ್ಟಿ ನೋಡಿ ಬೆಳೆದವಳು. ಹಾಗಾಗಿ ಈ ನೀರನ್ನು ಕಂಡ ಮೊದಲ ದಿನವೇ ಇದು ಕೆರೆಯಲ್ಲ, ಕಟ್ಟಿ ನಿಲ್ಲಿಸಿದ ನದಿ ಎಂದು ತಿಳಿಯಿತು. ಸುಮಾರು 5,900 ಅಡಿ ಎತ್ತರದಲ್ಲಿ ಲಿಟಲ್ ಟ್ರಕೀ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1970ರಲ್ಲಿ ಮುಗಿಯಿತು. ಇಲ್ಲಿಂದ ಬಿಟ್ಟ ನೀರು ಟ್ರಕೀ ನದಿ ಸೇರಿ ನೆವಾಡಾದ ಪಿರಮಿಡ್ ಸರೋವರಕ್ಕೆ ಹೋಗುತ್ತದೆ. ಅಲ್ಲಿ ಕ್ವೀವೀ ಎಂಬ ಅಳಿವಿನಂಚಿನ ಮೀನಿದೆ. ಅಲ್ಲಿನ ಪಾಯೂಟ್ ಮೂಲನಿವಾಸಿಗಳ ಬದುಕು ಅದರ ಜೊತೆ ಹೆಣೆದುಕೊಂಡು ಬಂದಿದೆ. ಆ ಮೀನು ಮೊಟ್ಟೆಯಿಡಲು ನದಿ ಏರುವಾಗ ನೀರು ಬೇಕು. ಸ್ಟ್ಯಾಂಪೀಡ್ ಅದಕ್ಕೂ ಕೂಡಿಟ್ಟ ನೀರು. ಆಗಸ್ಟ್ ಹೊತ್ತಿಗೆ ದಡ ಬರಿದಾಗಿರುವುದನ್ನು ನೋಡಿ ಬೇಸರ ಪಡಬೇಡಿ. ನೀರು ಬಹಳ ಇಳಿದ ವರ್ಷ ದೋಣಿ ಇಳಿಸುವ ಇಳಿಜಾರು ನೀರಿಗೆ ಮುಟ್ಟದೆ ಹೋಗುವುದೂ ಉಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಕೊಕನೀ ಎಂದರೆ ಸಮುದ್ರಕ್ಕೆ ಹೋಗದೆ ಸಿಹಿನೀರಿನಲ್ಲೇ ಬಾಳು ಮುಗಿಸುವ ಸಾಕೈ ಸಾಲ್ಮನ್. ಹೆಸರು ಒಳನಾಡಿನ ಸ್ಯಾಲಿಶ್ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ಕ್ಯಾಲಿಫೋರ್ನಿಯಾಕ್ಕೆ ಇದು ಹೊರಗಿನಿಂದ ಬಂದ ಮೀನು. ತಾಹೋ ಸರೋವರಕ್ಕೆ ಬಂದದ್ದು 1944ರಲ್ಲಿ. ಸಾಮಾನ್ಯವಾಗಿ ಒಂದು ಅಡಿಯಿಂದ ಒಂದೂವರೆ ಅಡಿ ಉದ್ದ, ಬೆಳ್ಳಿಯ ಮೈ, ನೀಲಿ ಬೆನ್ನು. ಮೂರು ನಾಲ್ಕು ವರ್ಷ ಬದುಕಿ, ಒಮ್ಮೆ ಮಾತ್ರ ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೀರುಜೀವಿಗಳನ್ನು, ಕಿವಿರಿನಲ್ಲಿ ಸೋಸಿಕೊಂಡು. ಬದುಕುವುದು ತಣ್ಣೀರಿನಲ್ಲಿ, 50ರಿಂದ 54 ಡಿಗ್ರಿ ಫ್ಯಾರನ್‌ಹೀಟ್ ಇರುವ ಪದರದಲ್ಲಿ. ಈ ಕೊನೆಯ ಸಂಗತಿಯನ್ನು ಮರೆಯಬೇಡಿ. ಬೇಸಿಗೆಯ ಮೀನುಗಾರಿಕೆಯೆಲ್ಲ ಅದರ ಮೇಲೆ ನಿಂತಿದೆ.

ಪರವಾನಗಿ

ಹೊಸಬರು ಎಡವುವುದು ಇಲ್ಲಿಯೇ. ಹದಿನಾರು ತುಂಬಿದ ಯಾರೇ ಆಗಲಿ, ಗಾಳ ಹಿಡಿದರೆ ರಾಜ್ಯದ ಮೀನುಗಾರಿಕೆ ಪರವಾನಗಿ ಬೇಕು. ನಿಮ್ಮನ್ನು ನೋಡಲು ಬಂದ ಮಾವನವರು ದೋಣಿಯಲ್ಲಿ ಸುಮ್ಮನೆ ಕುಳಿತಿದ್ದರೆ ಬೇಡ. ಮೊಮ್ಮಗನ ಕೋಲನ್ನು ಕೈಗೆ ತೆಗೆದುಕೊಂಡು ಮೀನು ಎಳೆದರೆ ಬೇಕು. ವಾರ್ಷಿಕ ಪರವಾನಗಿ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಆದರೆ ನಿವಾಸಿಗಳ ದರ ಸಿಗುವುದು ರಾಜ್ಯದಲ್ಲಿ ಎಡೆಬಿಡದೆ ಆರು ತಿಂಗಳು ವಾಸವಾಗಿದ್ದವರಿಗೆ ಮಾತ್ರ. ಮೇ ತಿಂಗಳಲ್ಲಿ ಬಂದು ಜುಲೈಯಲ್ಲಿ ನಿವಾಸಿ ಎಂದು ಗುರುತು ಹಾಕಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ವೀಸಾದ ಮೇಲೆ ಇರುವವರು ಇಂಥದ್ದಕ್ಕೆ ಕೈ ಹಾಕಲೇಬಾರದು. ಒಂದು ದಿನದ್ದು, ಎರಡು ದಿನದ್ದು ಎಂದು ಪರವಾನಗಿ ಇವೆ, ಅವನ್ನು ನಿವಾಸಿಗಳೂ ಹೊರಗಿನವರೂ ಕೊಳ್ಳಬಹುದು. ಮೊದಲ ವರ್ಷಕ್ಕೆ ಅದು ಸಾಕು. ಇನ್ನೂ ಒಂದು ದಾರಿ ಇದೆ: ವರ್ಷಕ್ಕೆ ಎರಡು ದಿನ ರಾಜ್ಯವೇ ಪರವಾನಗಿಯಿಲ್ಲದೆ ಮೀನು ಹಿಡಿಯಲು ಬಿಡುತ್ತದೆ. ಸಾಮಾನ್ಯವಾಗಿ ಒಂದು ಜುಲೈ 4ರ ಆಸುಪಾಸಿನ ಶನಿವಾರ, ಇನ್ನೊಂದು ಲೇಬರ್ ಡೇ ವಾರಾಂತ್ಯದ ಶನಿವಾರ.

ಕೊಕನೀ ಒಬ್ಬರಿಗೆ ದಿನಕ್ಕೆ ಐದು, ಮನೆಯ ಫ್ರೀಜರ್ ಸೇರಿಸಿ ಒಟ್ಟು ಹತ್ತು. ಒಬ್ಬರು ಎರಡು ಕೋಲು ಹಾಕಬೇಕಾದರೆ ಅದಕ್ಕೆ ಬೇರೆ ಚೀಟಿ ಕೊಳ್ಳಬೇಕು. ನಿಯಮಗಳು ಬದಲಾಗುತ್ತವೆ, ಆ ವರ್ಷದ್ದನ್ನು ಓದಿಕೊಳ್ಳಿ. ಪರವಾನಗಿಯನ್ನು ಮುದ್ರಿಸಿ ಜೇಬಿನಲ್ಲಿಟ್ಟುಕೊಳ್ಳಿ, ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ.

ದೋಣಿ, ಗಾಳಿ, ತಣ್ಣೀರು

ಮೊದಲ ಬೇಸಿಗೆಯಲ್ಲಿ ದೋಣಿ ಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ದಡದಲ್ಲಿ ಬಾಡಿಗೆಗೆ ಸಿಗುತ್ತದೆ ಎಂದುಕೊಂಡೂ ಹೊರಡಬೇಡಿ. ಸಂಘದಲ್ಲಿ ದೋಣಿ ಇರುವವರ ಜೊತೆ ಹೋಗಿ, ಇಲ್ಲವೇ ರಾಜ್ಯದ ಪರವಾನಗಿ ಇರುವ ಗೈಡ್ ಒಬ್ಬರನ್ನು ಗೊತ್ತು ಮಾಡಿ. ಎರಡು ಮೂರು ಮನೆಯವರು ಸೇರಿದರೆ ಖರ್ಚು ಹಂಚಿಹೋಗುತ್ತದೆ, ಗಾಳ ದಾರ ಬಲೆ ಎಲ್ಲವೂ ಅವರದೇ. ಮುಂದೆ ನೀವೇ ದೋಣಿ ನಡೆಸುವುದಾದರೆ ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್ ಪರೀಕ್ಷೆ ಮುಗಿಸಿಕೊಳ್ಳಿ. 2025ರ ಜನವರಿ 1ರಿಂದ ಮೋಟಾರು ದೋಣಿ ನಡೆಸುವ ಎಲ್ಲ ವಯಸ್ಸಿನವರಿಗೂ ಅದು ಅನ್ವಯಿಸುತ್ತದೆ. 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಚಿಪ್ಪುಜೀವಿ ಸಿಕ್ಕಿದ ಮೇಲೆ ರಾಜ್ಯದ ಜಲಾಶಯಗಳಲ್ಲಿ ದೋಣಿ ತಪಾಸಣೆ ಬಿಗಿಯಾಗಿದೆ. ಒಂದು ನೀರಿನಿಂದ ಇನ್ನೊಂದು ನೀರಿಗೆ ಹನಿಯೂ ಹೋಗದಂತೆ ದೋಣಿ ಬರಿದು ಮಾಡಿ, ತೊಳೆದು, ಒಣಗಿಸಿರಬೇಕು. ಗಾಳಿ ತುಂಬುವ ಸಣ್ಣ ದೋಣಿ ಒಯ್ಯುವವರೂ ಮೊದಲೇ ಕೇಳಿ ತಿಳಿಯಿರಿ.

ಹದಿಮೂರಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಚಲಿಸುವ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂಬುದು ಕಾನೂನು. ನಮ್ಮ ಸಂಘದ ಪ್ರವಾಸದಲ್ಲಿ ಅಜ್ಜ ಅಜ್ಜಿಯರೂ ತೊಡಬೇಕೆಂಬುದು ನಮ್ಮ ಕಟ್ಟಳೆ, ಅದರಲ್ಲಿ ರಿಯಾಯಿತಿ ಇಲ್ಲ. ಊರಿನ ಹೊಳೆಯಲ್ಲಿ ಈಜಿ ಬೆಳೆದವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಕರಗಿದ ಹಿಮದ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟಿ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಈಜು ಬಂದರೂ ಆ ಮೊದಲ ನಿಮಿಷದಲ್ಲಿ ಅದು ಕೈಗೆ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಗಾಳಿ ಏಳುತ್ತದೆ, ಕೆಲವು ದಿನ ಗುಡುಗು ಮಿಂಚೂ ಬರುತ್ತದೆ. ಬೆಳಕು ಹರಿಯುವಾಗ ನೀರಿಗಿಳಿದು, ಹನ್ನೊಂದರೊಳಗೆ ದಡ ಸೇರಿ. ಎತ್ತರದಲ್ಲಿ ಬಿಸಿಲು ಚುರುಕು. ಟೋಪಿ, ನೀರಿನ ಬಾಟಲಿ ಮರೆಯಬೇಡಿ.

ಗಾಳ ಎಳೆಯುವುದು

ಇಲ್ಲಿ ಕೊಕನೀ ಹಿಡಿಯುವ ಬಗೆಗೆ ಟ್ರೋಲಿಂಗ್ ಎಂದು ಹೆಸರು. ಹಾಗೆಂದೊಡನೆ ನಮ್ಮ ಕರಾವಳಿಯವರಿಗೆ ಮಲ್ಪೆಯ ಟ್ರಾಲ್ ಬೋಟು, ಅದರ ದೊಡ್ಡ ಬಲೆ ನೆನಪಾಗುತ್ತದೆ. ಹೆಸರು ಹತ್ತಿರವಾದರೂ ಕೆಲಸ ಬೇರೆ. ಇಲ್ಲಿ ಬಲೆ ಇರುವುದು ಸಿಕ್ಕಿದ ಒಂದು ಮೀನನ್ನು ಎತ್ತಿಕೊಳ್ಳಲು ಮಾತ್ರ. ದೋಣಿ ನಿಧಾನವಾಗಿ ಸಾಗುತ್ತಿರುತ್ತದೆ, ಗಾಳ ಹಿಂದೆ ನೀರಿನ ಆಳದಲ್ಲಿ ಬರುತ್ತಿರುತ್ತದೆ. ಅಲ್ಲಿ ಊರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮಳೆಗಾಲದ ನಿಷೇಧಕ್ಕೆ ದಡದಲ್ಲಿರುವ ಹೊತ್ತು, ಇಲ್ಲಿ ಇದರ ಸುಗ್ಗಿ.

ಬಿಸಿಲೇರಿದಂತೆ ಮೇಲಿನ ನೀರು ಬೆಚ್ಚಗಾಗುತ್ತದೆ, ಕೊಕನೀ ತಂಪು ಹುಡುಕಿ ಇಳಿಯುತ್ತದೆ. ಜೂನಿನಲ್ಲಿ ಇಪ್ಪತ್ತು ಮೂವತ್ತು ಅಡಿಯಲ್ಲಿದ್ದದ್ದು ಆಗಸ್ಟಿನಲ್ಲಿ ಅರವತ್ತು ಎಪ್ಪತ್ತು ಅಡಿಗೆ ಹೋಗಿರಬಹುದು. ಅಷ್ಟು ಆಳಕ್ಕೆ ಹಗುರವಾದ ಗಾಳವನ್ನು ಒಯ್ಯಲು ಡೌನ್‌ರಿಗರ್ ಬೇಕು. ದೋಣಿಯ ಅಂಚಿಗೆ ಕೂರಿಸಿದ ಒಂದು ರಾಟೆ, ಅದರ ತಂತಿಯ ತುದಿಯಲ್ಲಿ ಎಂಟು ಹತ್ತು ಪೌಂಡಿನ ಗುಂಡು. ಗಾಳದ ದಾರವನ್ನು ಆ ತಂತಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಬೇಕಾದ ಅಡಿಗೆ ಇಳಿಸುತ್ತಾರೆ. ಫಿಶ್ ಫೈಂಡರ್ ಪರದೆಯಲ್ಲಿ ಮೀನಿನ ಗುಂಪು ಯಾವ ಆಳದಲ್ಲಿ ಕಾಣುತ್ತದೋ ಅದಕ್ಕಿಂತ ಒಂದೆರಡು ಅಡಿ ಮೇಲೆ ಗಾಳ ಇರಲಿ.

ದಾರದ ತುದಿಯಲ್ಲಿ ಡಾಡ್ಜರ್ ಎಂಬ ಹೊಳೆಯುವ ತಗಡು, ಅದರ ಹಿಂದೆ ಒಂದು ಗೇಣು ದಾರ, ಆಮೇಲೆ ಗುಲಾಬಿಯೋ ಕಿತ್ತಳೆಯೋ ಬಣ್ಣದ ಪುಟ್ಟ ಪ್ಲಾಸ್ಟಿಕ್ ಆಮಿಷ. ಗಾಳಕ್ಕೆ ಚುಚ್ಚುವುದು ಎರೆಹುಳವಲ್ಲ, ಡಬ್ಬಿಯಲ್ಲಿ ಸಿಗುವ ಬಿಳಿ ಮುಸುಕಿನ ಜೋಳದ ಒಂದು ಕಾಳು. ಹಿಂದಿನ ರಾತ್ರಿಯೇ ಮಕ್ಕಳ ಕೈಯಲ್ಲಿ ಕಾಳುಗಳಿಗೆ ಬೆಳ್ಳುಳ್ಳಿ ವಾಸನೆಯ ಎಣ್ಣೆ ಸವರಿಸಿ ಡಬ್ಬಿಗೆ ತುಂಬಿಸಿ. ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು ಜೋಳಕ್ಕೆ ಏಕೆ ಬಾಯಿ ಹಾಕುತ್ತದೆ ಎಂದು ನನ್ನ ಮಗಳು ಕೇಳಿದ್ದಳು. ಹಸಿವಿಗಿಂತ ಹೆಚ್ಚಾಗಿ ಆ ತಗಡಿನ ಹೊಯ್ದಾಟಕ್ಕೆ ರೇಗಿ ಕಚ್ಚುತ್ತದೆ ಎನ್ನುತ್ತಾರೆ ಇಲ್ಲಿನ ಹಳಬರು. ತಗಡು ಹೊಯ್ದಾಡಬೇಕು, ಸುತ್ತಬಾರದು. ದೋಣಿ ಗಂಟೆಗೆ ಒಂದರಿಂದ ಒಂದೂವರೆ ಮೈಲಿಗಿಂತ ವೇಗವಾಗಿ ಹೋದರೆ ಅದು ಗಿರಗಿರ ತಿರುಗಿ ಕೆಲಸ ಕೆಡುತ್ತದೆ. ನೇರವಾಗಿಯೂ ಹೋಗಬೇಡಿ, ಹಾವು ಹರಿದಂತೆ ಹೋಗಿ. ತಿರುವಿನಲ್ಲಿ ಹೊರಬದಿಯ ಗಾಳ ಚುರುಕಾಗುತ್ತದೆ, ಒಳಬದಿಯದು ನಿಧಾನವಾಗುತ್ತದೆ. ಯಾವ ಬದಿಗೆ ಮೀನು ಬಿತ್ತೋ ಅದನ್ನು ನೋಡಿ ವೇಗ ಹೊಂದಿಸಿಕೊಳ್ಳಿ.

ಗುಂಡಿನ ಭಾರಕ್ಕೆ ಬಿಲ್ಲಿನಂತೆ ಬಾಗಿರುವ ಕೋಲಿನ ತುದಿ ಮೊದಲು ಎರಡು ಸಲ ಮಿಡುಕುತ್ತದೆ. ಕ್ಲಿಪ್ಪು ಬಿಟ್ಟುಕೊಂಡು ಕೋಲು ಒಮ್ಮೆಲೇ ನೆಟ್ಟಗಾಗುತ್ತದೆ, ದಾರ ಸಡಿಲವಾಗಿ ಮೀನು ಹೋಯಿತು ಎನಿಸುತ್ತದೆ. ಹೋಗಿರುವುದಿಲ್ಲ. ಬೇಗಬೇಗ ಸುತ್ತಿ ಸಡಿಲು ತೆಗೆದುಕೊಳ್ಳಿ, ಆಮೇಲೆ ನಿಧಾನ. ಕೊಕನೀ ಬಾಯಿ ಒದ್ದೆ ಕಾಗದದಷ್ಟು ಮೆತ್ತಗೆ. ಜಗ್ಗಿದರೆ ಗಾಳ ತುಟಿಯನ್ನೇ ಹರಿದುಕೊಂಡು ಬರುತ್ತದೆ. ಸೆಳೆಯಬೇಡಿ, ಬಾಗಿದ ಕೋಲನ್ನು ಹಾಗೆಯೇ ಬಾಗಿಸಿಟ್ಟು ಸುತ್ತುತ್ತಾ ಹೋಗಿ, ಅದು ಓಡಿದರೆ ಓಡಲು ಬಿಡಿ. ದೋಣಿಯ ಹತ್ತಿರ ಬಂದ ಮೇಲೆ ಎರಡು ಮೂರು ಸಲ ನೀರಿನಿಂದ ಮೇಲಕ್ಕೆ ನೆಗೆಯುತ್ತದೆ, ಹೆಚ್ಚು ಮೀನು ಕೈತಪ್ಪುವುದು ಆಗಲೇ. ಬಲೆ ಹಿಡಿದವರು ಅದನ್ನು ಅಟ್ಟಿಸಿಕೊಂಡು ಹೋಗದೆ ನೀರಿನಲ್ಲಿ ಅದ್ದಿ ಕಾಯಬೇಕು. ತಲೆ ಮುಂದಾಗಿ ಬರಲಿ. ಏಳು ವರ್ಷದ ಮಗುವಿನ ಕೈಯಲ್ಲೂ ಇದು ಆಗುತ್ತದೆ. ಗಾಳ ಬೀಸಿ ಎಸೆಯುವ ಕಲೆ ಬೇಡ, ತೋಳ್ಬಲ ಬೇಡ. ಇಡೀ ಕುಟುಂಬಕ್ಕೆ ಈ ಮೀನನ್ನೇ ಹೇಳಲು ನನಗಿರುವ ಕಾರಣ ಅದು.

ಮಂಜುಗಡ್ಡೆ, ಆಮೇಲೆ ತವೆ

ನಮ್ಮ ಮೊದಲ ಬೇಸಿಗೆಯಲ್ಲಿ ಸಿಕ್ಕಿದ ಮೂರು ಮೀನುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಾಲಬುಡದಲ್ಲಿಟ್ಟುಕೊಂಡೆವು. ಮನೆಗೆ ತಂದು ಕೊಯ್ದಾಗ ಮಾಂಸ ಬೆರಳಿಗೆ ಹಿಟ್ಟಿನಂತೆ ಅಂಟಿತು. ಅಮ್ಮ ಮೂಸಿ ನೋಡಿ, ಮಾತಾಡದೆ ಪಕ್ಕಕ್ಕಿಟ್ಟರು. ಒಂದು ಜೀವ ತೆಗೆದು ತಿನ್ನದೆ ಎಸೆದದ್ದು ನನ್ನನ್ನು ಬಹಳ ದಿನ ಕಾಡಿತು. ಕೊಕನೀ ಎಣ್ಣೆಯಂಶದ ಮೆದು ಮೀನು, ಬಂಗುಡೆಯಂತೆಯೇ ಬೇಗ ಕೆಡುತ್ತದೆ. ಸಿಕ್ಕಿದ ಕೂಡಲೇ ತಲೆಗೆ ಒಂದು ಏಟು ಕೊಟ್ಟು, ಕಿವಿರು ಕತ್ತರಿಸಿ, ರಕ್ತ ಹರಿದ ಮೇಲೆ ಮಂಜುಗಡ್ಡೆ ಮತ್ತು ನೀರು ಕಲಸಿದ ಪೆಟ್ಟಿಗೆಗೆ ಮುಳುಗಿಸಿ. ಬರಿಯ ಮಂಜುಗಡ್ಡೆಗಿಂತ ಅದು ಬೇಗ ತಣಿಸುತ್ತದೆ. ಹತ್ತು ಪೌಂಡಿನ ಎರಡು ಚೀಲ ಮಂಜುಗಡ್ಡೆ ಒಯ್ಯಿರಿ, ಉಳಿದರೆ ನಷ್ಟವಿಲ್ಲ.

ಕರುಳು, ತಲೆ ಯಾವುದನ್ನೂ ದಡದಲ್ಲಿ ಬಿಡಬೇಡಿ. ಇದು ಕರಡಿಗಳ ಕಾಡು. ತಿಂಡಿಯ ಡಬ್ಬಿ, ಮೀನಿನ ಪೆಟ್ಟಿಗೆ ಎರಡನ್ನೂ ಕ್ಯಾಂಪಿನಲ್ಲಿ ಉಳಿಯುವವರು ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಕು.

ಮಾಂಸ ಕಿತ್ತಳೆಗೆಂಪು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಶಿನ, ಹುಣಸೆರಸ ಅರೆದು ಹಚ್ಚಿ ಅರ್ಧ ಗಂಟೆ ಬಿಟ್ಟು ತವೆಯಲ್ಲಿ ಬೇಯಿಸಿ. ಮೀನೇ ಕೊಬ್ಬು ಬಿಡುವುದರಿಂದ ಎಣ್ಣೆ ಅರ್ಧ ಸಾಕು. ತೆಂಗಿನಕಾಯಿ ರುಬ್ಬಿದ ಸಾರಿಗೆ ಇದು ನನಗೆ ಹಿಡಿಸಲಿಲ್ಲ, ಜಿಡ್ಡಿನ ಮೇಲೆ ಜಿಡ್ಡಾಗುತ್ತದೆ. ಪುನರ್ಪುಳಿ ಹಾಕಿದ ತೆಳು ಸಾರು ಚೆನ್ನಾಗಿ ಬಂತು. ಸಸ್ಯಾಹಾರಿ ಮನೆಗಳವರೂ ಪ್ರತಿ ವರ್ಷ ನಮ್ಮ ಜೊತೆ ಬರುತ್ತಾರೆ. ಅವರಿಗೆ ಬೇರೆ ದೋಣಿ, ಚಿತ್ರಾನ್ನ, ಸುತ್ತಲಿನ ಪೈನ್ ಕಾಡು. ಯಾರೂ ಮುಜುಗರ ಪಡುವುದು ಬೇಡ.

ಶರತ್ಕಾಲಕ್ಕೆ ಇನ್ನೊಮ್ಮೆ ಬನ್ನಿ, ಗಾಳವಿಲ್ಲದೆ. ದಕ್ಷಿಣ ತಾಹೋದ ಟೇಲರ್ ಹಳ್ಳಕ್ಕೆ ಅಕ್ಟೋಬರಿನಲ್ಲಿ ಕೊಕನೀ ಏರುತ್ತದೆ. ಬೆಳ್ಳಿಯ ಮೈ ಅಷ್ಟು ಹೊತ್ತಿಗೆ ಇಟ್ಟಿಗೆ ಕೆಂಪು, ತಲೆ ಹಸಿರು, ಗಂಡಿನ ದವಡೆ ಕೊಕ್ಕೆಯಂತೆ ಬಾಗಿರುತ್ತದೆ. ಮೊಣಕಾಲು ಮುಳುಗದ ನೀರಿನಲ್ಲಿ ಹೆಣ್ಣು ಬಾಲದಿಂದ ಜಲ್ಲಿ ಸರಿಸಿ ಗುಂಡಿ ಮಾಡುವುದನ್ನು ಮಕ್ಕಳು ದಡದಲ್ಲೇ ಕುಳಿತು ನೋಡಬಹುದು. ಕರಡಿಗಳೂ ಅದೇ ಹಳ್ಳಕ್ಕೆ ಬರುತ್ತವೆ, ಮಕ್ಕಳ ಕೈ ಬಿಡಬೇಡಿ.